ಬದಲಿಗೆ ಬಂದವರು

ಇಂಥ ಮಾತುಗಳನ್ನು ನಾನು ನಂಬುವವನಲ್ಲ. ಬೇರೆಯವರು ಹೇಳುವಾಗ ಒಳಗೊಳಗೇ ನಕ್ಕಿದ್ದೇನೆ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಮ್ಮ ಅಜ್ಜ, ಅಂದರೆ ಅಪ್ಪನ ತಂದೆ, ಕುಪ್ಪೇಲೂರಿನಿಂದ ಮುಂಬೈಗೆ ಹೋಗಿ, ಕೊನೆಗೆ ಇಂಗ್ಲೆಂಡ್ ಮತ್ತು ಅಮೆರಿಕದ ನಡುವೆ ಓಡಾಡುವ ಉಗಿಹಡಗೊಂದನ್ನು ಸೇರಿದವರು. ಮೇಲೆ ಪ್ರಯಾಣಿಕರ ಊಟ, ಸಂಗೀತ. ತಳದಲ್ಲಿ ಅಜ್ಜ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದರು. ನಾಲ್ಕು ತಾಸು ದುಡಿತ, ಎಂಟು ತಾಸು ಬಿಡುವು. ಸೆಕೆಗೆ ಮೈಮೇಲೆ ಅಂಗಿಯಿಲ್ಲ, ಬೆವರೊರೆಸಲು ಕೊರಳಿಗೊಂದು ಟವೆಲ್. "ಅಮೆರಿಕಾಕ್ಕ ಹನ್ನೊಂದ ಸಲ ಹೋಗಿ ಬಂದಾನ, ಸಮುದ್ರ ಮಾತ್ರ ಸರಿಯಾಗಿ ನೋಡಿಲ್ಲ" ಎಂದು ಅಪ್ಪ ನಗುತ್ತಿದ್ದರು. ಸರದಿ ಮುಗಿದರೂ, ಬದಲಿಗೆ ಬಂದವನ ಕೈಗೆ ಸಲಿಕೆ ಕೊಡದೆ ಮೇಲೆ ಹತ್ತುವಂತಿರಲಿಲ್ಲವಂತೆ.

ಅಜ್ಜ ತೀರಿಹೋದ ಮೇಲೂ ಆ ನಿಯಮ ನಮ್ಮ ಮನೆಯಲ್ಲಿ ಬೇರೆ ರೀತಿಯಲ್ಲಿ ಉಳಿಯಿತು. ಬೇನೆ ಬಿದ್ದವರ ಹತ್ತಿರ ನಾಲ್ಕು ತಾಸಿಗೊಬ್ಬರು ಕೂಡಬೇಕು. ಏಳುವವರು ಹೆಗಲ ಮೇಲಿನ ಟವೆಲನ್ನು ಬದಲಿಗೆ ಬಂದವರ ಕೈಯಲ್ಲೇ ಇಡಬೇಕು.

ಅಪ್ಪ ಹಾವೇರಿಯ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ, ಮಧ್ಯಾಹ್ನ ಹನ್ನೆರಡರಿಂದ ನನ್ನ ಸರದಿ. ನಾಲ್ಕಕ್ಕೆ ಬ್ಯಾಡಗಿಯಿಂದ ತಮ್ಮ ಬರಬೇಕಿತ್ತು. ಬರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಅವನ್ನ ನಂಬಿದ್ರ ಹಡಗ ಅರ್ಧಾ ದಾರ್ಯಾಗ ನಿಲ್ಲತೈತಿ" ಅಂದರು. ನಾನು ನಕ್ಕೆ. ಅವರಾಡಿದ ಕೊನೆಯ ಮಾತು ಅದು ಎಂದು ನನಗೇನು ಗೊತ್ತು.

ನಾಲ್ಕೂವರೆಗೆ, ಟವೆಲನ್ನು ಮಂಚದ ಕಂಬಿಗೆ ಹಾಕಿ, ತಮ್ಮ ಬಂದನೇನೋ ನೋಡಲು ಗೇಟಿನವರೆಗೆ ಹೋದೆ. ಹತ್ತು ನಿಮಿಷ. ಮೆಣಸಿನಕಾಯಿ ಲಾರಿಗಳ ನಡುವೆ ಬಸ್ಸು ಸಿಕ್ಕಿಬಿದ್ದಿತ್ತು ಎನ್ನುತ್ತಾ ಅವನು ಓಡಿ ಬಂದ. ನಾವಿಬ್ಬರೂ ಒಳಗೆ ಹೋಗುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು.

ಪಕ್ಕದ ಮಂಚದಲ್ಲಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಅಗಡಿಯ ಅಜ್ಜಿ ಎದ್ದು ಬಂದರು.

"ಅಳಬ್ಯಾಡ್ರಿ ಅಣ್ಣಾರ. ಅವರೇನ ಒಬ್ಬರ ಹೋಗಿಲ್ಲ. ನಿಮ್ಮ ಬದಲಿ ಬಂದಿದ್ರಲ್ಲ, ಕೈ ಹಿಡಕೊಂಡ ಕುಂತಿದ್ರು. ಮೈಮ್ಯಾಲೆ ಅಂಗೀನೂ ಇಲ್ಲ. ಈ ಥಂಡ್ಯಾಗ ಏನ ಬೆವತಿದ್ರು ಅಂತೀರಿ!"

ನಮ್ಮ ಮನೆಯಲ್ಲಿ ಬೇರೆ ಗಂಡಸರಿಲ್ಲ. ನರ್ಸ್ ಯಾರನ್ನೂ ನೋಡಿರಲಿಲ್ಲ. ಟವೆಲ್ ಕಂಬಿಯ ಮೇಲಿರಲಿಲ್ಲ, ಅಪ್ಪನ ಬಲಗೈಯಲ್ಲಿತ್ತು. ಅಲ್ಲಿಟ್ಟು ಎದ್ದವರಿಗೆ, ಕೈಗೆ ಕೊಡಲು ಬದಲಿಯವರು ಯಾರೂ ಸಿಕ್ಕಿರಲಿಲ್ಲವಲ್ಲ. ಬಿಡಿಸಿ ತೆಗೆದುಕೊಂಡೆ. ಹಿಂಡುವಷ್ಟು ತೊಯ್ದಿತ್ತು, ಬೆಚ್ಚಗಿತ್ತು. ತಮ್ಮನ ಕೈಯಲ್ಲಿಟ್ಟೆ. ಅವನು ಅಪ್ಪನ ಹತ್ತಿರ ಕುಳಿತ.

ಬೇರೆ ರೋಗಿಯ ಕಡೆಯವರು ಯಾರೋ ಬಂದು ಕೂತಿರಬಹುದು. ಅಜ್ಜಿಗೆ ಕಣ್ಣು ಮಂಜಾಗಿರಬಹುದು. ಆದರೆ ಅಜ್ಜ ಹಡಗಿನ ಒಲೆಯ ಮುಂದೆ ಬೆವರುತ್ತಿದ್ದ ಸುದ್ದಿಯನ್ನು ಆ ಅಜ್ಜಿಗೆ ನಾವ್ಯಾರೂ ಹೇಳಿರಲಿಲ್ಲ. ವರ್ಷಗಳಾದವು, ನನಗಿನ್ನೂ ತಿಳಿದಿಲ್ಲ. ಅವರ ಮಾತು ಖರೇ ಇರಲಿ ಎಂದು ಮನಸ್ಸು ಬೇಡುತ್ತದೆ. ಖರೇ ಆದರೆ ಅಪ್ಪ ಒಬ್ಬರೇ ಹೋಗಲಿಲ್ಲ, ನಾನು ಎದ್ದು ಹೋದ ತಪ್ಪೂ ಹಗುರಾಗುತ್ತದೆ. ಅದಕ್ಕೇ ನಂಬಲು ಹೆದರಿಕೆ.