ಕಮಲಿ ಹಾಡದ ಮೇರಾ

ಸೀತಾಬಾಯಿ, ಎಣ್ಣೆಯ ದೀಪ ಹಚ್ಚಬಾರದೆಂದು ಅವತ್ತು ಯಾರೂ ಹೇಳಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ಆರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ನೀವು ನಮ್ಮ ಮಹಡಿ ಗುಡಿಸಲು ಬರುತ್ತಿದ್ದಿರಿ. ನಾನು ಜಾಲಹಳ್ಳಿಯ ಕಾರ್ಖಾನೆ ಕಾಲೊನಿಯಲ್ಲಿ ಮೂವತ್ತು ವರ್ಷ ಬಾಳಿ, ಗಂಡ ತೀರಿಕೊಂಡ ಮೇಲೆ ಹೂಡಿಯ ಈ ಅಪಾರ್ಟ್‌ಮೆಂಟಿಗೆ ಬಂದವಳು. ಅಲ್ಲಿ ಎಲ್ಲರಿಗೂ ನಾನು ವೀಣೆ ಮೇಡಂ; ಇಲ್ಲಿ ಬರೀ ಫ್ಲಾಟ್ ನಂಬರು. ಲಿಫ್ಟಿನಲ್ಲಿ ಎಲ್ಲರೂ ಮೊಬೈಲನ್ನೇ ನೋಡುತ್ತಾರೆ. “ಊಟ ಆತೇನ್ರೀ ಅಕ್ಕಾರ” ಎಂದು ಕೇಳುತ್ತಿದ್ದವರು ನೀವೊಬ್ಬರೇ. ಅಂಥವರಿಗೇ ನಾನು—

ದೀಪಾವಳಿ ಸಂಜೆಯ ಕಾರ್ಯಕ್ರಮದ ಪಟ್ಟಿ ಮಾಡುವ ಕೆಲಸ ನನ್ನದಾಗಿತ್ತು. ಪಂಜಾಬಿನವರ ಭಾಂಗ್ಡಾ, ಬಂಗಾಳಿ ಹೆಂಗಸರ ಹಾಡು, ನೇಪಾಳಿ ಕಾವಲುಗಾರರ ಮದ್ದಳೆ, ಕೊನೆಗೆ ನನ್ನ ವೀಣೆ. ನಿಮ್ಮ ಮಗಳು ಕಮಲಿ ಮೆಟ್ಟಿಲ ಮೇಲೆ ಗುನುಗುತ್ತಿದ್ದಳು, ಅದೇನೆಂದು ಕೇಳಿದೆ. ಅಮಾವಾಸ್ಯೆಯ ಸಂಜೆ ನಿಮ್ಮ ಲಂಬಾಣಿ ತಾಂಡಾದ ಮದುವೆಯಾಗದ ಹುಡುಗಿಯರು ಉರಿಯುವ ದೀಪ ಹಿಡಿದು ಮನೆಮನೆಗೆ ಹೋಗಿ ಹರಸಿ ಹಾಡುವ ಮೇರಾ ಎಂದಿರಿ. ಕಮಲಿಗೆ ಮಾಘದಲ್ಲಿ ಮದುವೆ, ಆಮೇಲೆ ಹಾಡುವಂತಿಲ್ಲ, ಇದೇ ಕೊನೆಯದು ಎಂದೂ ಹೇಳಿದಿರಿ. ಊರಿಗೆ ಹೋಗಬೇಡಿ, ಇಲ್ಲೇ ಹಾಡಲಿ ಎಂದು ಒತ್ತಾಯ ಮಾಡಿದವಳು ನಾನೇ. ನನ್ನ ಮಾತು ನಂಬಿ ನೀವು ವಿಜಯಪುರದ ಬಸ್ಸು ಹತ್ತಲಿಲ್ಲ.

ಹಬ್ಬದ ಹಿಂದಿನ ದಿನ ಅಂಗಳದಲ್ಲಿ ತಾಲೀಮು. ಕಮಲಿ ಮತ್ತು ಇಬ್ಬರು ಗೆಳತಿಯರು ದೀಪ ಹಿಡಿದು ಹಾಡುತ್ತ ಸುತ್ತು ಬಂದಾಗ ಬಾಲ್ಕನಿಗಳೆಲ್ಲ ತುಂಬಿಹೋದವು. ಎರಡು ವರ್ಷದಲ್ಲಿ ಒಮ್ಮೆಯೂ ನನ್ನ ಬಾಗಿಲು ತಟ್ಟದವರು ಕೆಳಗಿಳಿದು ಬಂದು ಅವಳ ಹೆಸರು ಕೇಳಿದರು. ಸಮಿತಿಯ ಕಾರ್ಯದರ್ಶಿ ನನ್ನ ಹತ್ತಿರ ಬಂದು, “ಮೇಡಂ, ಇವ್ರನ್ನ ಲಾಸ್ಟ್‌ಗೆ ಹಾಕ್ಬಿಡಿ. ವೀಣೆ ಫಸ್ಟೇ ಮುಗಿಸ್ಬಿಡೋಣ” ಅಂದರು. ಮುಗಿಸಿಬಿಡುವುದು— ಜನ ಇನ್ನೂ ಕುರ್ಚಿ ಎಳೆಯುತ್ತಿರುವಾಗಲೇ. ನನಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಏನು ಹೇಳಲಿ, ಉರಿಯಿತು.

ಮಾರನೆಯ ಮಧ್ಯಾಹ್ನ ನಿಮ್ಮನ್ನು ಕರೆದೆ. ಬೆಂಕಿಯ ಭಯವಂತೆ, ಸಮಿತಿ ಎಣ್ಣೆ ದೀಪ ಬೇಡ ಅಂದಿದೆ, ನಾನೆಷ್ಟು ಜಗಳವಾಡಿದರೂ ಕೇಳಲಿಲ್ಲ ಎಂದೆ. ಬ್ಯಾಟರಿ ದೀಪ ಬೇಕಾದರೆ ಕೊಡುತ್ತೇನೆ ಎಂದೂ ಸೇರಿಸಿದೆ. ನೀವು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಹೇಳಿದ ಮಾತು ಅದು. ಉರಿಯದ ದೀಪ ಹಿಡಿದು ಯಾರ ಮನೆಯನ್ನೂ ಹರಸಬಾರದೆಂದು ನನಗೆ ತಿಳಿಸಿದವರು ನೀವೇ. ಕಾರ್ಯದರ್ಶಿಗೆ, ಹುಡುಗಿಯರು ನಾಚಿಕೊಂಡು ಹಿಂದೆ ಸರಿದರು ಎಂದೆ.

ಕಮಲಿ ಆಗಲೇ ಕನ್ನಡಿ ಹಚ್ಚಿದ ಲಂಗ ತೊಟ್ಟು ನಿಂತಿದ್ದಳು. ನೀವು ನನ್ನ ಕೈ ಹಿಡಿದುಕೊಂಡಿರಿ.

“ಇರ್ಲಿ ಬಿಡ್ರೀ ಅಕ್ಕಾರ. ನಮ್ ಸಲುವಾಗಿ ನೀವು ಜಗಳ ಆಡೀರಲ್ಲ, ಅಷ್ಟ ಸಾಕು.”

ಕಾರ್ಯಕ್ರಮಕ್ಕೆ ಇನ್ನೂ ಮೂರು ಗಂಟೆ ಇತ್ತು. ಒಂದು ಮಾತು ಆಡಿದ್ದರೆ ಆಗುತ್ತಿತ್ತು. ನೀವು ವಾಸವಿದ್ದ ತಗಡಿನ ಶೆಡ್ಡುಗಳ ಸಾಲಿನವರೆಲ್ಲ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಅವಳು ದೀಪ ಹಿಡಿದು ಹೋಗಲು ಅಲ್ಲಿ ಯಾರ ಬಾಗಿಲೂ ತೆರೆದಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ವೀಣೆ ಕೊನೆಗೇ ಉಳಿಯಿತು. ನಾನು ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಜನ ಊಟದ ಸಾಲಿಗೆ ಎದ್ದರು. ಹಿಂದಿನ ಸಾಲಿನಲ್ಲಿ ನೀವು, ಕಮಲಿ, ಆ ಗೆಳತಿಯರು ಕೂತಿದ್ದಿರಿ. ಪೂರ್ತಿ ಕೇಳಿದಿರಿ. ಮುಗಿದಾಗ ಚಪ್ಪಾಳೆ ತಟ್ಟಿದ್ದು ನೀವು ನಾಲ್ವರೇ. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಕೂತಿರಲಿಲ್ಲ, ಗಂಡ ಹೋದ ದಿನವೂ.

ಮಾಘದಲ್ಲಿ ಮದುವೆಯಾಯಿತು. ಲಾಡು ತಂದುಕೊಟ್ಟಿರಿ, ತಿಂದೆ. ಆಮೇಲೂ ಎರಡು ವರ್ಷ ನನ್ನ ಬಾಗಿಲ ಮುಂದೆ ಗುಡಿಸಿದಿರಿ. ಯಾವ ದಿನವಾದರೂ ಹೇಳಬಹುದಿತ್ತು. ನೀವು ಹೆಬ್ಬಗೋಡಿ ಕಡೆ ಬೇರೆ ಕೆಲಸಕ್ಕೆ ಹೋದಾಗ— ಬರೆಯಲು ನಾಚಿಕೆಯಾಗುತ್ತದೆ— ನಿರಾಳವೆನಿಸಿತು.

ನಿಮಗೆ ಓದು ಬರುವುದಿಲ್ಲ. ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ, ಆ ಧೈರ್ಯದ ಮೇಲೇ ಇಷ್ಟು ಸಲೀಸಾಗಿ ಬರೆದಿದ್ದೇನೆ. ಭಾನುವಾರ ಹೆಬ್ಬಗೋಡಿಗೆ ಬರುತ್ತೇನೆ. ನಿಮ್ಮೆದುರು ನಿಂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕಮಲಿ ಎಲ್ಲಿದ್ದಾಳೆಂದು ನೀವು ಹೇಳಿದರೆ ಅವಳಿಗೂ ಹೇಳುತ್ತೇನೆ. ಆ ಸಂಜೆಯನ್ನು ಅವಳಿಗೆ ತಿರುಗಿ ಕೊಡಲಾರೆ.