ಮೂರು ಬ್ಯಾಕಿನ ಏಕಾಂತಮ್ಮ

ನಮ್ಮಣ್ಣನ ಮಗಳು ಏಕಾಂತಮ್ಮ ಬಿ.ಕಾಂ. ಓದಲು ಶ್ರೀರಾಂಪುರದಿಂದ ಚಿತ್ರದುರ್ಗಕ್ಕೆ, ನಮ್ಮ ಮನೆಗೆ ಬಂದಾಗ ನನಗೆ ಖುಷಿಯೋ ಖುಷಿ. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ನಾನು ಮೆಸ್ಸುಗಳಿಗೆ ರೊಟ್ಟಿ ತಟ್ಟಿಕೊಡುವವಳು, ಮಾತಿಗೊಬ್ಬಳು ಸಿಕ್ಕಳಲ್ಲ ಎಂದುಕೊಂಡೆ. ಬಂದವಳು ಬಾಯಿಯೇ ಬಿಡಲಿಲ್ಲ. ಬೆಳಿಗ್ಗೆ ತುಂಬಿದ ಡಬ್ಬಿ ಹಿಡಿದು ಹೋಗುವಳು, ಸಂಜೆ ಖಾಲಿ ಡಬ್ಬಿ ತಂದು ತೊಳೆದಿಡುವಳು. ಎಂಥ ಶಿಸ್ತಿನ ಹುಡುಗಿ ನೋಡ್ರಿ ಅಂತ ಓಣಿಯಲ್ಲೆಲ್ಲ ಹೊಗಳಿದ್ದೇ ಹೊಗಳಿದ್ದು ನಾನು.

ಡಬ್ಬಿ ಖಾಲಿಯಾಗುತ್ತಿದ್ದದ್ದು ಕಾಲೇಜಿನಲ್ಲಲ್ಲ, ಊರಾಚೆಯ ಚಂದ್ರವಳ್ಳಿಯಲ್ಲಿ! ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳಿಗೆ ಇಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಮೊದಲು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದಳಂತೆ. ಆಮೇಲೆ ತಲೆಯಾಡಿಸುವುದೂ ಬೇಜಾರಾಗಿ, ತನ್ನಂಥ ಇನ್ನಿಬ್ಬರನ್ನು ಕಟ್ಟಿಕೊಂಡು ಕೆರೆಯ ಪಕ್ಕ ಬಂಡೆಯ ನೆರಳಿನಲ್ಲಿ ಕೂರುವುದು, ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು, ಸಂಜೆ ಎದ್ದು ಬರುವುದು. ಇದೆಲ್ಲ ನನಗೆ ತಿಳಿದದ್ದು ಮೊದಲ ವರ್ಷದ ರಿಸಲ್ಟು ಬಂದ ಮೇಲೆ. ಮೂರು ವಿಷಯ ಫೇಲು. ಹಾಗೆ ಬಾಕಿ ಉಳಿದ ವಿಷಯಕ್ಕೆ ಈಗಿನ ಮಕ್ಕಳು ‘ಬ್ಯಾಕ್’ ಅನ್ನುತ್ತಾರೆ.

ನನಗೆ ಬಂದ ಸಿಟ್ಟಿಗೆ ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಊರಿಗೆ ನೀನೇ ಫೋನು ಮಾಡಿ ಹೇಳು ಎಂದೆ. ಎತ್ತಿದ್ದು ನಮ್ಮಪ್ಪ ದೊಡ್ಡತಿಮ್ಮಪ್ಪ.

“ಏನಾತವ್ವ ರಿಸಲ್ಟು?”

“ಮೂರು ಬ್ಯಾಕ್ ಅವೆ ತಾತ.”

“ಮೂರು ಬ್ಯಾಂಕಾ!” ಅಪ್ಪ ಕೂಗಿದ್ದು ಒಲೆಯ ಮುಂದೆ ಕೂತ ನನಗೂ ಕೇಳಿಸಿತು. “ಒಂದಾಗಿದ್ರೆ ಸಾಕಾಗಿತ್ತಲ್ಲೇ ನನ್ನವ್ವ!”

ಅಷ್ಟೇ, ಫೋನು ಕಟ್. ಆ ವರ್ಷ ನಮ್ಮೂರಿನ ಯಾರದೋ ಮಗ ಪರೀಕ್ಷೆ ಬರೆದು ಬ್ಯಾಂಕಿಗೆ ಸೇರಿದ್ದ. ಪರೀಕ್ಷೆ ಅಂದರೆ ಬ್ಯಾಂಕು ಅಂತಲೇ ಅಪ್ಪನ ತಲೆಯಲ್ಲಿ ಕೂತುಬಿಟ್ಟಿತ್ತು. ನಾವು ಮತ್ತೆ ಫೋನು ಹಚ್ಚುವಷ್ಟರಲ್ಲಿ ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಮೊಮ್ಮಗಳನ್ನು ಮೂರು ಮೂರು ಬ್ಯಾಂಕಿನವರು ಕರೆಯುತ್ತಿದ್ದಾರೆ ಅಂತ ಡಂಗುರ ಸಾರಿ ಬಂದಿದ್ದ.

ಮಾರನೆಯ ದಿನ ಮೊದಲ ಬಸ್ಸಿಗೇ ನಮ್ಮ ಮನೆಗೆ ಹಾಜರು, ಹೆಗಲ ಮೇಲೆ ತೆಂಗಿನಕಾಯಿ ಚೀಲ. ಏಕಾ ಎದುರಿಗೆ ಹೋಗಿ ಕೂತಳು.

“ಬ್ಯಾಂಕಲ್ಲ ತಾತ, ಬ್ಯಾಕು. ಮೂರು ಸಬ್ಜೆಕ್ಟಿನಾಗೆ ಫೇಲಾಗೀನಿ.”

ಅಪ್ಪ ಬೈಯುತ್ತಾನೆ ಎಂದುಕೊಂಡೆ. ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಊರಿಗೆಲ್ಲ ಹೇಳಿ ಬಂದೀನಲ್ಲವ್ವ. ಈಗ ಹೋಗಿ ಅಲ್ಲ ಅಂತ ಹೆಂಗೆ ಹೇಳ್ಲಿ?” ಎಂದ.

ಹೇಳಲೂ ಇಲ್ಲ. ಮುಂದಿನ ಸಲ ಏಕಾ ಊರಿಗೆ ಹೋದಾಗ ಪಕ್ಕದ ಮನೆ ಹುಚ್ಚಕ್ಕ “ನಮ್ಮ ಬ್ಯಾಂಕಮ್ಮ ಬಂದ್ಲು” ಅಂತ ಕೂಗು ಹಾಕಿದಳು. ಹೆಂಗಸರೆಲ್ಲ ಪಾಸ್‌ಬುಕ್ಕು ಹಿಡಿದು ಬಂದರು. ಹುಡುಗಿ ನಾಚಿಕೆಯಿಂದ ಸತ್ತು ಹೋಗುವುದೊಂದು ಬಾಕಿ. ರಾತ್ರಿ ಉಳಿಯದೆ ತಿರುಗಿ ಬಂದವಳು ಬಾಗಿಲಲ್ಲೇ ನಿಂತು, “ಅತ್ತೆ, ಎಂ.ಬಿ.ಎ. ಸೀಟು ಹಿಡಿಯಾ ತನಕ ನಾನು ಊರಿಗೆ ಹೋಗಲ್ಲ” ಎಂದಳು.

“ಮೊದ್ಲು ಬಿ.ಕಾಂ. ಪಾಸಾಗು ತಾಯಿ” ಎಂದು ನಕ್ಕೆ. ಅವಳು ನಗಲಿಲ್ಲ.

ಅವಳ ಕಾಲೇಜಿನಲ್ಲಿ ಮುರುಗೇಶಪ್ಪ ಎಂಬ ಮೇಷ್ಟ್ರಿದ್ದರು, ಹೊಸದುರ್ಗದ ಕಡೆಯವರು. ಏಕಾ ಹೋಗಿ ಅವರ ಮುಂದೆ ಅತ್ತಳಂತೆ. “ಅಳೋದು ಆಮೇಲೆ ಇಟ್ಕಳವ್ವ. ಪಾಠ ಮೊದ್ಲು ಕನ್ನಡದಾಗೆ ತಿಳ್ಕ. ತಿಳೀತೋ ಇಲ್ಲೋ ಅನ್ನಾದು ಇನ್ನೊಬ್ರಿಗೆ ಹೇಳಿಕೊಟ್ಟಾಗ ಗೊತ್ತಾಗ್ತೈತೆ. ಆಮೇಲೆ ಇಂಗ್ಲಿಷ್‌ನಾಗೆ ಬರಿ” ಎಂದರಂತೆ. ಆ ಇನ್ನೊಬ್ಬರು ನಾನೇ ಆದೆ. ಬೇರೆ ಯಾರು ಸಿಗಬೇಕು?

ಅಲ್ಲಿಂದ ಶುರುವಾಯಿತು ನನ್ನ ಬಿ.ಕಾಂ. ನಾನು ರೊಟ್ಟಿ ತಟ್ಟುವುದು, ಅವಳು ಪಕ್ಕದಲ್ಲಿ ಕೂತು ಪಾಠ ಹೇಳುವುದು. ನನಗೆ ಅರ್ಥವಾಗದಿದ್ದರೆ ಅವಳಿಗೂ ಆಗಿಲ್ಲ ಅಂತ ಲೆಕ್ಕ, ಮತ್ತೆ ಪುಸ್ತಕ ತೆಗೆಯಬೇಕು. ಒಂದು ದಿನ ಸವಕಳಿ ಅಂದರೇನು ಅಂತ ವಿವರಿಸಿದಳು. ನನ್ನ ಹಂಚು ವರ್ಷದಿಂದ ವರ್ಷಕ್ಕೆ ನಡುವೆ ತೆಳ್ಳಗಾಗಿದೆಯಲ್ಲ, ಅದು ನಷ್ಟವಂತೆ.

“ಹಂಚು ತೆಳ್ಳಗಾದ್ರೆ ರೊಟ್ಟಿ ಬೇಗ ಬೇಯ್ತೈತೆ, ಸೌದೆ ಉಳೀತೈತೆ. ಅದೆಂಗೆ ನಷ್ಟ ಆದೀತೇ?”

ಏಕಾ ಪುಸ್ತಕವನ್ನೆಲ್ಲ ತಿರುವಿ ಹಾಕಿದಳು. ಮಾರನೆಯ ದಿನ ಕ್ಲಾಸಿನಲ್ಲಿ ಎದ್ದು ನಿಂತು ಅದನ್ನೇ ಕೇಳಿದಳಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುರುಗೇಶಪ್ಪ ಮೇಷ್ಟ್ರು ಮಾತ್ರ ಆ ಹೊತ್ತಿನ ಪಾಠವನ್ನೆಲ್ಲ ನನ್ನ ಹಂಚಿನ ಮೇಲೆಯೇ ಮಾಡಿದರು. ಕಾಲೇಜು ಸೇರಿದ ಮೇಲೆ ಇವಳು ಕ್ಲಾಸಿನಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಆಮೇಲೆ ಆ ಬಾಯಿ ಮುಚ್ಚಲೇ ಇಲ್ಲ, ಅದು ನನ್ನ ಕರ್ಮ.

ಮೂರೂ ಬ್ಯಾಕು ಕಳೆದವು. ಕೊನೆಯ ವರ್ಷ ಇಡೀ ಕ್ಲಾಸಿಗೆ ಎರಡನೆಯವಳಾದಳು. ನಾನು ಹೋಳಿಗೆ ಮಾಡಿದೆ. ಆದರೆ ಎಂ.ಬಿ.ಎ.ಗೆ ಅರ್ಜಿ ಹಾಕಿದರೆ, ಆ ಹಾಳು ಮೊದಲ ವರ್ಷ ಬಾಲದ ಹಾಗೆ ಹಿಂದೆಯೇ ಬಂತು. ಎಲ್ಲ ವರ್ಷದ ಅಂಕ ಸೇರಿಸಿ ನೋಡಿದ ಒಂದು ಕಾಲೇಜು ಮಾತಿಗೂ ಕರೆಯದೆ ಕೈಬಿಟ್ಟಿತು.

ಅತ್ತಳು, ಮೂಗು ಒರೆಸಿಕೊಂಡಳು, ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ರೈತರೇ ಸೇರಿ ಕಟ್ಟಿಕೊಂಡಿದ್ದ ಒಂದು ಕಂಪನಿಗೆ ಕೆಲಸಕ್ಕೆ ಹೋದಳು. ಶೇಂಗಾ, ಈರುಳ್ಳಿ ಒಟ್ಟಿಗೆ ಮಾರುವ ಕೆಲಸ. ಸಭೆಯಲ್ಲಿ ಲೆಕ್ಕ ಓದಿದರೆ ಮೊದಲೆಲ್ಲ ರೈತರು ತೂಕಡಿಸುತ್ತಿದ್ದರಂತೆ. ಇವಳು ನನಗೆ ಹೇಳಿದ ಹಾಗೆಯೇ ಹೇಳಿದಳು. ತೂಕಡಿಸುವವರು ಎದ್ದು ಕೂತು ಜಗಳಕ್ಕೇ ಬಂದರಂತೆ. ಜಗಳಕ್ಕೆ ಬಂದ್ರೆ ತಿಳಿದೈತೆ ಅಂತಲೇ ಅರ್ಥ ಅತ್ತೆ, ಎನ್ನುತ್ತಿದ್ದಳು. ಆ ಕೆಲಸ ಮಾಡುತ್ತಲೇ ಪ್ರವೇಶ ಪರೀಕ್ಷೆಗೆ ಓದಿ ಒಳ್ಳೆಯ ರ‍್ಯಾಂಕು ತೆಗೆದಳು. ಈ ಸಲ ಒಂದು ದೊಡ್ಡ ಕಾಲೇಜು ಸಂದರ್ಶನಕ್ಕೆ ಕರೆಯಿತು. ಕಂಪ್ಯೂಟರಿನಲ್ಲೇ, ನಮ್ಮ ಮನೆಯ ನಡುಮನೆಯಲ್ಲೇ.

ಮೊದಲ ವರ್ಷದ ವಿಷಯ ಕೇಳಿಯೇ ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಇಂಥವಕ್ಕೆ ತಯಾರು ಮಾಡುವ ಹೊಳಲ್ಕೆರೆಯ ಶ್ರೀನಿವಾಸ್ ಮನೆಗೇ ಬಂದು ಉಪಾಯ ಹೇಳಿದ. “ಕಾಮಾಲೆ ಆಗಿತ್ತು ಅನ್ನು. ಡಾಕ್ಟರ್ ಸರ್ಟಿಫಿಕೇಟ್ ನಾನು ಮಾಡಿಸ್ತೀನಿ. ಎಲ್ರೂ ಇಂಗೇ ಮಾಡಾದು.”

ಸಂದರ್ಶನ ನೋಡಲೆಂದೇ ಬಂದಿದ್ದ ಅಪ್ಪ, “ಹಂಗೇ ಅನ್ನವ್ವ, ಏನಾಗ್ತೈತೆ?” ಎಂದ.

“ಒಂದು ಸುಳ್ಳು ಹೊತ್ಕಂಡಿದ್ದೇ ಸಾಕಾಗೈತೆ ತಾತ. ಇನ್ನೊಂದು ಹೆಂಗೆ ಹೊರ್ಲಿ?”

ಶ್ರೀನಿವಾಸ್ ಎದ್ದು ಹೋದ.

ಸಂದರ್ಶನದ ಹೊತ್ತಿಗೆ ತಟ್ಟುವ ಸದ್ದು ಕೇಳಿಸಬಾರದೆಂದು ನಾನು ರೊಟ್ಟಿ ನಿಲ್ಲಿಸಿ ಕೂತೆ. ಅಪ್ಪ ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೆಮ್ಮು ತಡೆದುಕೊಂಡು ಕೂತ. ಎರಡನೆಯ ಪ್ರಶ್ನೆಯೇ ಮೊದಲ ವರ್ಷದ್ದು. ಏಕಾ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಪಾಠ ತಿಳಿಯದೆ ಹೋದದ್ದು, ಕೇಳಲು ನಾಚಿದ್ದು, ಚಂದ್ರವಳ್ಳಿ, ಮಂಡಕ್ಕಿ, ಬ್ಯಾಕು ಬ್ಯಾಂಕಾದದ್ದು, ನನ್ನ ಹಂಚು. ಪ್ರಶ್ನೆ ಕೇಳುವವರೆಲ್ಲ ನಕ್ಕರು. ಅವರಲ್ಲೊಬ್ಬ ಮೇಡಂ ಕನ್ನಡದವರು, ನಗುತ್ತಲೇ ಕನ್ನಡದಲ್ಲಿ ಕೇಳಿದರು: “ನಿಮ್ಮೂರಿನಲ್ಲಿ ಈಗಲೂ ಹಾಗೇ ಅಂದುಕೊಂಡಿದ್ದಾರಾ?”

“ಹೌದು ಮೇಡಂ. ಅದಕ್ಕೇ ನಾನು ಊರಿಗೆ ಹೋಗೋದಿಲ್ಲ.”

ಅಲ್ಲಿಯವರೆಗೆ ಅಪ್ಪನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಇದು ಅರ್ಥವಾಯಿತು. ಓದಿನ ಗಡಿಬಿಡಿ, ಕೆಲಸದ ಗಡಿಬಿಡಿ ಅಂತ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದ ಪಾಪ. ಮುಖ ಸಣ್ಣದಾಯಿತು. ಊಟಕ್ಕೂ ನಿಲ್ಲದೆ ಶ್ರೀರಾಂಪುರದ ಬಸ್ಸು ಹತ್ತಿದ.

ಎರಡು ದಿನ ಬಿಟ್ಟು ಹುಚ್ಚಕ್ಕನ ಫೋನು ಬಂತು.

“ಏಕಾ, ನೀನು ಫೇಲಾಗಿದ್ದಂತಲ್ಲೇ! ನಿಮ್ಮ ತಾತ ಬಸ್‌ಸ್ಟ್ಯಾಂಡಿನಾಗೆ ಎಲ್ರನ್ನೂ ಕುಂದ್ರಿಸಿ ಹೇಳ್ದ. ‘ನಾನು ತಪ್ಪು ಕೇಳಿಸ್ಕಂಡೆ, ಆಮೇಲೆ ಬೇಕಂತ್ಲೇ ಬಾಯಿ ಮುಚ್ಕಂಡೆ, ಕೂಸು ನನ್ನಿಂದ ಊರು ಬಿಡ್ತು’ ಅಂತ ಅತ್ತುಬಿಟ್ಟ ಕಣೇ.”

ಏಕಾಂತಮ್ಮ ಫೋನು ಹಿಡಿದುಕೊಂಡೇ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು ಹೊರಟು ನಿಂತಳು.

“ಲೇ, ಸೀಟು ಇನ್ನೂ ಸಿಕ್ಕಿಲ್ಲವಲ್ಲೇ!” ಎಂದೆ.

“ಸಿಗದಿದ್ರೆ ಇನ್ನೊಂದು ಸಲ ಹಾಕ್ತೀನಿ ಅತ್ತೆ. ಬಸ್ಸಿಗೆ ಹೊತ್ತಾತು.”

ಸೀಟು ಸಿಕ್ಕಿತು ಅಂತ ಅವಳು ನನಗೆ ಫೋನು ಮಾಡಿದ್ದು ಶ್ರೀರಾಂಪುರದಿಂದ.