ಕಾರ್ನ್‌ವಾಲಿನವರು ನಮ್ಮ ಕಡಲಿಗೆ ಬಂದದ್ದು

ಬೈಂದೂರಿನಿಂದ ತೆಂಕಕ್ಕೆ, ಹೆದ್ದಾರಿ ದಾಟಿದರೆ ನಮ್ಮ ಮೀನುಗಾರರ ಕೇರಿ. ಇಲ್ಲಿಯ ಹಳೆಯ ಮನೆಗಳ ಪಡುಗೋಡೆಗೆ ಕಿಟಕಿ ಇರುವುದಿಲ್ಲ. ಉಪ್ಪುಗಾಳಿ ಒಳಗೆ ಬರಬಾರದೆಂದು ಅಪ್ಪನೂ ಕಡಲಿಗೆ ಬೆನ್ನು ಹಾಕಿಯೇ ಮನೆ ಕಟ್ಟಿದ್ದರು. ಹಾಗಾಗಿ ಏಳೆಂಟು ವರ್ಷಗಳ ಹಿಂದೆ ನಮ್ಮ ತೆಂಗಿನ ತೋಟದ ಪಕ್ಕದಲ್ಲಿ, ಪಡುಗೋಡೆಯನ್ನಿಡೀ ಗಾಜಿನಲ್ಲಿ ಕಟ್ಟಿದ ಮನೆಯೊಂದು ಎದ್ದಾಗ ಕೇರಿಯವರೆಲ್ಲ ಹೋಗಿ ನೋಡಿ ಬಂದೆವು.

ಕಟ್ಟಿಸಿದವರು ಬಸ್ರೂರು ಮೂಲದವರು, ಮುಂಬಯಿಯಲ್ಲಿ ಹೋಟೆಲು ನಡೆಸುವವರು. ವರ್ಷಕ್ಕೆ ಎರಡು ಸಲ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಆಗೀಗ ಯಾರಾದರೂ ಬಾಡಿಗೆಗೆ ಬರುವುದುಂಟು, ಉಳಿದ ದಿನ ಬೀಗ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ ಅಣ್ಣನ ಮನೆಯಲ್ಲಿರುವ ನನ್ನ ಹತ್ತಿರ ಬೀಗದ ಕೈ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಬಾಗಿಲು ತೆಗೆದು, ಗಾಳಿಯಾಡಿಸಿ, ಗಾಜಿನ ಮೇಲೆ ಕೂತ ಉಪ್ಪು ಒರೆಸಿ ಬರುತ್ತೇನೆ. ಒರೆಸುವಾಗೆಲ್ಲ ಒಂದೇ ಕುತೂಹಲ: ಅಷ್ಟು ದೂರದಿಂದ ಬಂದು ಇವರೆಲ್ಲ ಇಲ್ಲಿ ಕೂತು ನೋಡುವುದಾದರೂ ಏನನ್ನು?

ಕುಂದಾಪುರ ಪೇಟೆಯಲ್ಲಿ ಮೀನು ಮಾರುವ ಅತ್ತಿಗೆಯನ್ನು ಒಮ್ಮೆ ಕೇಳಿದೆ.

"ಕಡ್ಲಂಗೆ ಕಾಂಬುಕೆ ಎಂತ ಇತ್ತ್ ಮರಾಯ್ತಿ? ಬಲಿಗೆ ಮೀನ್ ಬಿತ್ತಾ ಇಲ್ಯಾ ಅಂತ ಕಾಂಬ್ದ್, ಅಷ್ಟೆ," ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಕಳೆದ ಡಿಸೆಂಬರಿನಲ್ಲಿ ಆ ಮನೆಯ ಯಜಮಾನರು ಫೋನು ಮಾಡಿದರು. "ಟೀಚರೇ, ಇಂಗ್ಲೆಂಡಿಂದ ಒಬ್ರ್ ಹೆಂಗ್ಸ್ ಬಾಡ್ಗಿಗೆ ಬತ್ರ್. ಹತ್ ದಿನ ಇರ್ತ್ರ್. ನಿಮ್ಗೆ ಇಂಗ್ಲಿಷ್ ಬತ್ತ್ ಅಲ್ದಾ, ಸ್ವಲ್ಪ ಕಂಡ್ಕಣಿ."

ಬಂದವರು ನನಗಿಂತ ನಾಲ್ಕೈದು ವರ್ಷ ಹಿರಿಯರಿರಬೇಕು. ಉದ್ದ ಕೈಕಾಲು, ಮಾತು ಕಡಿಮೆ. ಮರುದಿನ ಬೆಳಿಗ್ಗೆ ಗುಡಿಸೋಣವೆಂದು ಹೋದರೆ ಮನೆ ಆಗಲೇ ಗುಡಿಸಿ ಆಗಿತ್ತು. ಹಾಸಿಗೆಯ ಬಟ್ಟೆ ಒಂದು ಸುಕ್ಕಿಲ್ಲದಂತೆ ಎಳೆದು ಹಾಸಿತ್ತು. ಅವರು ಗಾಜಿನ ಕಡೆಗೆ ಬೆನ್ನು ಹಾಕಿ, ಹಿಂಬದಿಯ ಅಡುಗೆಮನೆಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನವೂ.

"ಇರುಕೆ ಬಂದೋರ್ ಎಂತಕೆ ಗುಡ್ಸುದ್? ನಿನ್ ಕೆಲ್ಸ ಅವ್ರಿಗೆ ಸಮ ಕಾಂಬುದಿಲ್ಯಾ ಏನ!" ಎಂದರು ಅತ್ತಿಗೆ. ನನಗೂ ಹಾಗೇ ಅನ್ನಿಸತೊಡಗಿತ್ತು. ನಾಲ್ಕನೆಯ ದಿನ ಧೈರ್ಯ ಮಾಡಿ, ಏನಾದರೂ ಕೊರತೆಯಾಯಿತೇ ಎಂದು ಕೇಳಿದೆ. ಅವರು ಅದಕ್ಕೆ ಉತ್ತರ ಕೊಡದೆ ನನ್ನನ್ನೇ ಕೇಳಿದರು.

"ಈ ಮನೆ ಕಟ್ಟುವ ಮೊದಲು ಇಲ್ಲಿ ಏನಿತ್ತು?"

"ನಮ್ಮವರು ಬಲೆ ಒಣಗಿಸುತ್ತಿದ್ದರು."

"ಈಗ ಎಲ್ಲಿ ಒಣಗಿಸುತ್ತೀರಿ?"

ಇಷ್ಟು ವರ್ಷಗಳಲ್ಲಿ ಆ ಮನೆಗೆ ಬಂದುಹೋದ ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಅದೇ ಮೆಟ್ಟಿಲ ಮೇಲೆ ಕೂತೆ.

ಅವರ ಊರು ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬ ಕಡೆ. ಒಂದು ಬದಿ ಬಂಡೆ, ಒಂದು ಬದಿ ಕಡಲು, ನಡುವೆ ಚಿಕ್ಕ ಬಂದರು. ಅಪ್ಪ ಮೀನು ಹಿಡಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ನಾಲ್ವರೂ ಸೇರಿ ಮನೆ ಮಾರಿದರು. ಕೊಂಡವರು ಲಂಡನ್ನಿನವರು, ರಜೆಯಲ್ಲಿ ಬಂದು ಇರುವುದಕ್ಕೆ. ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ. ಈಗ ಚಳಿಗಾಲದಲ್ಲಿ ಆ ಓಣಿಯಲ್ಲಿ ದೀಪ ಹಚ್ಚುವುದು ಎರಡೇ ಮನೆಯವರು. ನಮ್ಮ ಅತಿಥಿ ಗುಡ್ಡದ ಮೇಲೆ ಬಾಡಿಗೆಗಿದ್ದು, ಶನಿವಾರ ಶನಿವಾರ ಕೆಳಗಿಳಿದು ಬಂದು ಆ ರಜೆಯ ಮನೆಗಳನ್ನು ಶುಚಿ ಮಾಡುತ್ತಾರೆ.

"ನಾನು ಹುಟ್ಟಿದ ಮನೆಯ ಕೀಲಿಯೂ ನನ್ನ ಹತ್ತಿರವೇ ಇದೆ," ಎಂದರು. "ನಾನು ಹುಟ್ಟಿದ ಕೋಣೆಯಲ್ಲಿ ಬೇರೆಯವರಿಗೆ ಹಾಸಿಗೆ ಹಾಸುತ್ತೇನೆ."

"ನೋವಾಗುವುದಿಲ್ಲವೇ?"

"ಮೊದಲು ಆಗುತ್ತಿತ್ತು. ಆಮೇಲೆ, ಇವರು ಯಾಕೆ ಬರುತ್ತಾರೆ ಎಂಬ ಕುತೂಹಲ ಶುರುವಾಯಿತು. ಕೆಟ್ಟವರಲ್ಲ. ಹೊರಡುವಾಗ ಕೆಲವರು ಅಳುತ್ತಾರೆ. ಒಮ್ಮೆಯಾದರೂ ಯಾರದೋ ಕಡಲಿನ ದಂಡೆಗೆ ಅತಿಥಿಯಾಗಿ ಹೋಗಿ ನೋಡಬೇಕು ಅನ್ನಿಸಿತು. ಬಂದೆ. ಆದರೆ ಜಗಲಿಯಲ್ಲಿ ಕಡಲಿಗೆದುರಾಗಿ ಇಟ್ಟ ಆ ಕುರ್ಚಿಯಲ್ಲಿ ಕೂರಲು ಹೋದರೆ ಕೈ ಪೊರಕೆ ಹುಡುಕುತ್ತದೆ."

ಇಬ್ಬರೂ ನಕ್ಕೆವು. ಮಧ್ಯಾಹ್ನದ ಊಟಕ್ಕೆ ಅವರನ್ನು ನಮ್ಮ ಮನೆಗೇ ಕರೆದುಕೊಂಡು ಹೋದೆ.

ಮರುದಿನ ಕೇರಿಯವರು ಕೈರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ಒಯ್ದು ಕಡಲಿಗೆ ಬಿಟ್ಟ ಉದ್ದನೆಯ ಬಲೆಯನ್ನು ದಡದಲ್ಲಿ ನಿಂತು ಎರಡು ಬದಿಯಿಂದಲೂ ಎಳೆಯುವುದು. ನಮ್ಮ ಅತಿಥಿಯೂ ಚಪ್ಪಲಿ ಬಿಚ್ಚಿಟ್ಟು ಬಂದು ಹಗ್ಗ ಹಿಡಿದರು. ಪ್ರವಾಸಿಗರು ಫೋಟೋಕ್ಕಾಗಿ ಹಿಡಿಯುವಂತೆ ಅಲ್ಲ. ಹಿಮ್ಮಡಿ ಮರಳಿಗೆ ಊರಿ, ಮೈಭಾರವೆಲ್ಲ ಹಿಂದಕ್ಕೆ ಬಿಟ್ಟು ಎಳೆದರು. "ಹ್ವಾಯ್, ಇವ್ರ್ ನಮ್ಮೋರೇ ಕಾಣಿ!" ಎಂದು ಅತ್ತಿಗೆ ಕೂಗಿದರು. ಬಲೆಯಲ್ಲಿ ಹೆಚ್ಚೇನೂ ಇರಲಿಲ್ಲ. ಪಾಲಿಗೆ ಬಂದ ನಾಲ್ಕು ಬಂಗುಡೆಯನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು.

ಆ ಹೊತ್ತಿಗೆ ಅಣ್ಣ ಒಂದು ತೀರ್ಮಾನಕ್ಕೆ ಬರಲಾಗದೆ ಒದ್ದಾಡುತ್ತಿದ್ದ. ಹುಬ್ಬಳ್ಳಿಯ ವೈದ್ಯ ದಂಪತಿ ನಮ್ಮ ತೆಂಗಿನ ತೋಟವನ್ನು ಕೇಳಿದ್ದರು. ಅವರಿಗೂ ಕಡಲ ಬದಿಯಲ್ಲಿ ರಜೆಗೊಂದು ಮನೆ ಬೇಕು. ಕಡಲು ಆಗಲೇ ಎರಡು ಸಾಲು ಮರ ತಿಂದಿತ್ತು. ದೋಣಿಗೆ ಹೊಸ ಇಂಜಿನ್ನೂ ಬೇಕಿತ್ತು.

"ಜಾಗ ಕೊಡುದಾ ಬ್ಯಾಡ್ದಾ, ಆ ಇಂಗ್ಲೆಂಡಿನೋರತ್ರ ಒಂದ್ ಮಾತ್ ಕೇಣ್ ಕಾಂಬ," ಎಂದ ನನ್ನ ಹತ್ತಿರ.

ಕೇಳಿದೆ.

"ಮಾರಬೇಡಿ ಎನ್ನಲು ನಾನು ಯಾರು? ನಾವೂ ಮಾರಿದೆವು. ಆದರೆ ಕಡಲಿಗೆ ಹೋಗುವ ದಾರಿಯನ್ನು ಕಾಗದದಲ್ಲಿ ಬರೆಸಿ. ದಾರಿ ಎಲ್ಲಿಗೆ ಹೋಗುತ್ತದೆ, ಇದ್ದೇ ಇರುತ್ತದೆ ಎಂದುಕೊಂಡು ನಾವು ಬರೆಸಲಿಲ್ಲ. ಈಗ ಅಲ್ಲಿ ಗೇಟು ಇದೆ. ಕೆಲಸವಿಲ್ಲದ ದಿನ ನಾನು ಕಡಲಿಗೆ ಸುತ್ತಿ ಬಳಸಿ ಹೋಗುತ್ತೇನೆ."

ಅದನ್ನು ಅಣ್ಣನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಹಗ್ಗ ಹಿಡಿದು ದೋಣಿಯ ಅಗಲ ಅಳೆಯುತ್ತಿದ್ದ. ಆಮೇಲೆ ಅದಕ್ಕೆ ಎರಡೂ ಬದಿಯಲ್ಲಿ ಹೆಗಲು ಕೊಡುವ ಜನ ನಿಲ್ಲುವಷ್ಟು ಸೇರಿಸಿ, ತೋಟದ ಬಡಗು ಅಂಚಿನಲ್ಲಿ ದಾರಿಗೆಂದು ಗೂಟ ಹೊಡೆದ.

ಕೊನೆಯ ಎರಡು ಸಂಜೆ ನಮ್ಮ ಅತಿಥಿ ಆ ಜಗಲಿಯ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡರು. ನೀರಿನ ಬಣ್ಣ ಇಷ್ಟು ಸಲ ಬದಲಾಗುತ್ತದೆ ಎಂಬುದು ಅರವತ್ತು ದಾಟಿದ ನನಗೆ ಆಗಲೇ ಗೊತ್ತಾದದ್ದು. ಅತ್ತಿಗೆಗೆ ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ.

ಅವರು ಊರಿಗೆ ಹೋದ ಮೇಲೆ ಅಣ್ಣ ಜಾಗ ಕೊಟ್ಟ. ದಾರಿಯ ಮಾತು ಕೇಳಿ ವೈದ್ಯರು ಒಪ್ಪಿದರು. ಪತ್ರ ಬರೆಯುವವರು ಕನ್ನಡಕ ಮೇಲೆತ್ತಿ ಕೇಳಿದರು, "ಈ ದಾರಿ ಯಾರ್ ಹೆಸ್ರಿಗೆ ಬರುದ್?"

"ಬಲಿ ಎಳೆಯೋರ್ ಹೆಸ್ರಿಗೆ ಬರೀನಿ," ಎಂದ ಅಣ್ಣ.

ಅವರು ನಕ್ಕು, ಸಾರ್ವಜನಿಕರ ಓಡಾಟಕ್ಕೆ ಎಂದು ಬರೆದರು. ಅದನ್ನು ಮತ್ತೊಮ್ಮೆ ಓದಿ ಹೇಳಲು ಅಣ್ಣ ನನ್ನ ಕೈಗೆ ಕೊಟ್ಟ. ನಾನು ಗಟ್ಟಿಯಾಗಿ ಓದಿದೆ. ಅವನು ಸಹಿ ಹಾಕಿದ.